ರೆಕ್ಕೆಯೊಳಗಿನ ಮೂರು ಗೆರೆ

ಯಲಹಂಕದಲ್ಲಿ ಇಳಿದು ಚಿಕ್ಕಜಾಲದ ಬಸ್ಸು ಹತ್ತುವಷ್ಟರಲ್ಲಿ ಮುರಿಗೆಪ್ಪ ಮೂರು ಸಲ ಜೇಬು ಮುಟ್ಟಿ ನೋಡಿಕೊಂಡಿದ್ದ. ಬೆರಳುದ್ದದ ಎರಡು ಮರದ ಚೂರುಗಳು ಅಲ್ಲೇ ಇದ್ದವು. ಎಲ್ಲಿಗೆ ಹೋದಾವು? ಹನ್ನೊಂದು ದಿನದಿಂದ ಅವು ಬಾಗಲಗುಂಟೆಯ ಮನೆಯಿಂದ ಚಿಕ್ಕಜಾಲದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ ಅವನ ಎದೆಯ ಮೇಲೇ ಸವಾರಿ ಮಾಡುತ್ತಿದ್ದವು. ಅಂಗಿಯ ಒಳಗೆ ಕೊರಳಿಂದ ಇಳಿಬಿದ್ದ ಲಿಂಗದ ಕರಡಿಗೆ, ಅಂಗಿಯ ಹೊರಗೆ ಜೇಬಿನಲ್ಲಿ ಈ ಚೂರುಗಳು, ನಡುವೆ ಒಂದೇ ಪದರ ಬಟ್ಟೆ. ಬಸ್ಸು ಕುಲುಕಿದಾಗಲೆಲ್ಲ ಎರಡೂ ತಾಗಿ ಟಕ್ ಎನ್ನುತ್ತಿದ್ದವು. ಇವತ್ತು ಗುರುವಾರ. ಶನಿವಾರ ಅವನು ಮರದಲ್ಲಿ ಕಟ್ಟಿದ ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹಾಕುತ್ತಾರೆ, ಕೋಲಾರದ ಕಡೆ ತೋಟದವರೊಬ್ಬರ ಖಾಸಗಿ ರನ್‌ವೇಗೆ ಒಯ್ಯುತ್ತಾರೆ, ಭಾನುವಾರ ಬೆಳಿಗ್ಗೆ ಆರೂವರೆಗೆ ವಿಮಾನ ಈ ಹೊಸ ರೆಕ್ಕೆಯಲ್ಲಿ ಮೊದಲ ಸಲ ನೆಲ ಬಿಡುತ್ತದೆ. ಅದರೊಳಗೆ ಶೆಡ್ಡಿನ ಒಡೆಯ ಜಿಯಾ ಸಾಹೇಬರ ಮಗಳು ಫಾಯಿಜಾ ಒಬ್ಬಳೇ ಕೂತಿರುತ್ತಾಳೆ. ಹೇಳುವುದಾದರೆ ಇವತ್ತು ಹೇಳಬೇಕು. ನಿನ್ನೆಯೂ ಹೀಗೇ ಅಂದುಕೊಂಡಿದ್ದ. ಮೊನ್ನೆಯೂ.

"ಯಜಮಾನ್ರೇ, ನಿಮ್ಮನ್ನೇ. ಎಲ್ಲಿಗೆ?"

"ಹೇಳೇಬಿಡ್ತೀನಿ," ಅಂದ ಮುರಿಗೆಪ್ಪ.

ಕಂಡಕ್ಟರು ಯಂತ್ರವನ್ನು ಎದೆಗಾನಿಸಿಕೊಂಡು ನಿಂತ. "ಹೇಳಿ ಮತ್ತೆ. ನಾನೂ ಅದನ್ನೇ ಕಾಯ್ತಾ ಇರೋದು. ಕೆಂಪೇಗೌಡ್ರನ್ನ ಕರ್ಕೊಂಡ್ ಬರ್ಲಾ ಕೇಳೋಕೆ?" ಅಂದ. ಹಿಂದಿನ ಸೀಟಿನ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಚಿಕ್ಕಜಾಲ ಎಂದು ಹೇಳುವಾಗ ಮುರಿಗೆಪ್ಪನ ಕಿವಿ ಬಿಸಿಯಾಗಿತ್ತು. ಅರವತ್ತೆಂಟು ವರ್ಷದ ಮನುಷ್ಯ, ಹಣೆಯ ತುಂಬ ವಿಭೂತಿ, ಕಂಡವರು ನೋಡಿ 'ದೊಡ್ಡ ಜೀವ' ಎಂದು ಸೀಟು ಬಿಡುತ್ತಾರೆ. ಇವತ್ತೂ ಒಬ್ಬ ಎದ್ದು ಸೀಟು ಕೊಟ್ಟಿದ್ದ. ಆ ಸೀಟಿನ ಮೇಲೆ ಅವನು ಕದ್ದು ತಂದ ಮಾಲಿನ ಮೇಲೆ ಕೂತವನಂತೆ ಕೂತಿದ್ದ.

ಪೂಜೆಯ ಮಣೆಯ ಕಾಲು ಕಳಚದೇ ಇದ್ದಿದ್ದರೆ ಇದೇನೂ ಇರುತ್ತಿರಲಿಲ್ಲ. ಎರಡು ವಾರದ ಕೆಳಗೆ ಹೆಂಡತಿ ರತ್ನಕ್ಕ ದೇವರ ಮೂಲೆ ಗುಡಿಸಲೆಂದು ಮಣೆ ಎತ್ತಿದಳು, ಕಾಲು ನೆಲದ ಮೇಲೇ ಉಳಿಯಿತು. "ವಿಮಾನ ಕಟ್ಟೋ ಬಡಿಗ್ಯಾ ನೋಡ್ರಿ ನಮ್ಮನಿಯವರು! ಮಣಿಗೆ ಒಂದು ಕಾಲು ಕೂಡಸಾಕ ಬರಲಿಲ್ಲ," ಎಂದು ಅವಳು ನಕ್ಕಳು, ಅವನೂ ನಕ್ಕ. ರೆಕ್ಕೆಯ ಕೆಲಸ ನಡೆದಾಗ ಬಟ್ಟಲಲ್ಲಿ ಮಿಕ್ಕ ಅಂಟನ್ನು ಬಾಟಲಿಯಲ್ಲಿ ತಂದು ತಾನೇ ಕೂಡಿಸಿದ್ದ ಕಾಲು ಅದು. ತಿರುಗಿಸಿ ನೋಡಿದ. ಅಂಟು ಹಿಡಿಯಬೇಕಾದ ಮುಖದ ಮೇಲೆ ಬಿಳಿಯ ಪುಡಿ. ಮೂವತ್ತು ವರ್ಷ ಆ ಮಣೆಯ ಮೇಲೆ ಕೂತು ಹಣೆಗೆ ಹಚ್ಚಿಕೊಂಡ ವಿಭೂತಿ ಉದುರಿ ಉದುರಿ ಮರದ ನಾರಿನೊಳಗೆ ಕೂತಿತ್ತು. ನಗು ಅರ್ಧಕ್ಕೆ ನಿಂತಿತು.  "ಯಾಕ್ರೀ, ನಾ ಚ್ಯಾಷ್ಟಿ ಮಾಡಿದ್ದು," ಎಂದು ರತ್ನಕ್ಕ ಪೊರಕೆ ಹಿಡಿದುಕೊಂಡೇ ನಿಂತಳು. ಅವನು ಅವತ್ತೇ ಶೆಡ್ಡಿನಿಂದ ತಂದಿದ್ದ ಮರದ ಚೂರುಗಳಲ್ಲಿ ಐದು ಜೋಡಿಗೆ ವಿಭೂತಿ ಎಳೆದು, ಐದು ಜೋಡಿಗೆ ಎಳೆಯದೆ, ಅದೇ ಅಂಟಿನಿಂದ ಕೂಡಿಸಿ ಮಂಚದ ಕೆಳಗಿಟ್ಟ. ಮೂರನೆಯ ದಿನ ಬೂದಿಯಿಲ್ಲದವು ಸುತ್ತಿಗೆಯ ಏಟಿಗೆ ಮರವೇ ಸೀಳಿ ಮುರಿದವು. ಬೂದಿಯವು ಉಗುರಿಗೆ ಬಿಚ್ಚಿಕೊಂಡವು, ಕಡಲೆಕಾಯಿಯ ಸಿಪ್ಪೆ ಬಿಚ್ಚಿದ ಹಾಗೆ. ಐದೂ. ಅವುಗಳಲ್ಲೊಂದು ಜೋಡಿ ಈಗ ಜೇಬಿನಲ್ಲಿತ್ತು.

ಆ ಅಂಟಿನ ಗುಣವೇ ಹಾಗೆ. ಅದರಲ್ಲಿ ಎರಡು ಪಾಲು. ಮರದ ಒಂದು ಮುಖಕ್ಕೆ ಬಿಳಿಯ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಬೇಕು, ಎದುರು ಮುಖಕ್ಕೆ ನೀರಿನಂಥ ಒಂದು ಹುಳಿಯನ್ನು ಬಳಿಯಬೇಕು. ಎರಡನ್ನೂ ಒತ್ತಿ ಹಿಡಿದರೆ ಹುಳಿ ತಾಗಿ ಅಂಟು ಕಲ್ಲಾಗುತ್ತದೆ. ಹುಳಿಯನ್ನು ಬೂದಿ ಕೊಲ್ಲುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆ ತಂಬಿಗೆಯನ್ನು ಅವ್ವ ಕಡೆಗೆ ಬೂದಿಯಲ್ಲಿ ತಿಕ್ಕುತ್ತಿದ್ದಳು, 'ಹುಳಿ ಸಾಯ್ಬೇಕಪ್ಪಾ, ಇಲ್ಲಂದ್ರ ತಂಬಿಗಿ ಕಿಲುಬ್ತದ' ಅನ್ನುತ್ತಿದ್ದಳು. ಆರು ವರ್ಷದವನಿದ್ದಾಗಲೇ ಕೇಳಿದ ಮಾತು. ಕೇಳಿದ್ದು ಅಡುಗೆಮನೆಯಲ್ಲಿ, ಬೇಕಾಗಿದ್ದು ಶೆಡ್ಡಿನಲ್ಲಿ. ನಡುವೆ ಅರವತ್ತು ವರ್ಷ ಅಡ್ಡ ಬಿದ್ದಿದ್ದವು. ರೆಕ್ಕೆಯ ತೊಲೆಯ ಮೇಲೆ ಎಳೆದ ಮೂರು ಗೆರೆಗಳ ಮೇಲೆ ಹುಳಿ ಬಳಿದಾಗ ಸಣ್ಣಗೆ ನೊರೆ ಎದ್ದಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಾಲುಕ್ಕಿದಂತೆ ಕಂಡಿತ್ತು. ಶಿವ ಒಪ್ಪಿದ ಎಂದುಕೊಂಡಿದ್ದ.

ಊರಲ್ಲಿ ಅವನಿಗೆ ಮರ ಕಲಿಸಿದವನು ಬಡಿಗೇರ ಮೌನೇಶಪ್ಪ. ಚಕ್ಕಡಿಯ ಗಾಲಿ ಮಾಡುವಾಗ ನಡುವಿನ ಗುಂಬಕ್ಕೆ ಅರಗಳನ್ನು ಬಡಿಯುವ ಮೊದಲು ಮೌನೇಶಪ್ಪ ಹಣೆಯ ಮೇಲಿನ ವಿಭೂತಿಯನ್ನು ಮೂರು ಬೆರಳಿಗೆ ತಗೊಂಡು ಗುಂಬದ ತೂತಿನೊಳಗೆ ಹಚ್ಚುತ್ತಿದ್ದ. ಅರ ಕೂತ ಮೇಲೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಮ್ಮೆ ಮುರಿಗೆಪ್ಪ ಕೇಳಿದ್ದಕ್ಕೆ, "ಮ್ಯಾಲ ಹಚ್ಚಿದ್ದು ಮಂದಿಗೆ, ಒಳಗ ಹಚ್ಚಿದ್ದು ಗಾಡಿಗೆ," ಅಂದಿದ್ದ. ಕೂರಿಗೆ, ಕುಂಟೆ, ಬಾಗಿಲ ಚೌಕಟ್ಟು, ಹೆಣ ಹೊರುವ ವಿಮಾನ ಕೂಡ, ಮೌನೇಶಪ್ಪನ ಕೈಯಿಂದ ಹೊರಬಿದ್ದ ಯಾವುದರ ಕೂಡಿಕೆಯೂ ಬರಿದಾಗಿರಲಿಲ್ಲ. ಒಂದೂ ಕಳಚಲಿಲ್ಲ. ಕಳಚುವುದು ಹೇಗೆ? ಅಲ್ಲಿ ಅಂಟೇ ಇರಲಿಲ್ಲ. ಮರ ಮರವನ್ನು ಕಚ್ಚಿ ಹಿಡಿಯುತ್ತಿತ್ತು, ಬೂದಿ ನಡುವೆ ಸುಮ್ಮನೆ ಕೂತಿರುತ್ತಿತ್ತು. ಮುರಿಗೆಪ್ಪ ಬೆಂಗಳೂರಿಗೆ ಬಂದು ಯಶವಂತಪುರದ ಎರಕದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಮರದ ಅಚ್ಚು ಕೊರೆದ. ಅಲ್ಲಿ ಅಚ್ಚು ಮಾಡುವುದೇ ಮರಳಲ್ಲಿ ಹೂತು ತೆಗೆಯುವುದಕ್ಕೆ; ಯಾವುದಕ್ಕೂ ವಿಭೂತಿ ಹಚ್ಚಬೇಕೆಂದು ಅನಿಸಿರಲಿಲ್ಲ. ಅನಿಸಿದ್ದು ಈ ರೆಕ್ಕೆಗೆ ಮಾತ್ರ. ಅದರ ಕೆಳಗೆ ಒಂದು ಹೆಣ್ಣುಮಗು ಕೂರುತ್ತದೆ ಎಂದು ತಿಳಿದಾಗ.

ಚಿಕ್ಕಜಾಲದಲ್ಲಿ ಇಳಿದು, ಹೆದ್ದಾರಿಯ ಕೆಳಸೇತುವೆ ದಾಟಿ, ದ್ರಾಕ್ಷಿ ಚಪ್ಪರದ ಪಕ್ಕದ ಮಣ್ಣುಹಾದಿಯಲ್ಲಿ ಹತ್ತು ನಿಮಿಷ ನಡೆದರೆ ಶೆಡ್ಡು. ಹಿಂದೆ ಅದು ಕೋಳಿ ಸಾಕುವ ಜಾಗವಾಗಿತ್ತು. ಮಳೆ ಬಂದರೆ ಈಗಲೂ ಕೋಳಿಯ ವಾಸನೆ ಏಳುತ್ತದೆ. ತಲೆಯ ಮೇಲೆ ನಿಮಿಷಕ್ಕೊಂದು ದೊಡ್ಡ ವಿಮಾನ ಚಕ್ರ ಚಾಚಿಕೊಂಡು ಇಳಿಯುತ್ತದೆ. ಮೊದಮೊದಲು ಮುರಿಗೆಪ್ಪ ನಿಂತು ನೋಡುತ್ತಿದ್ದ. ಈ ಹನ್ನೊಂದು ದಿನದಲ್ಲಿ ಒಮ್ಮೆಯೂ ತಲೆ ಎತ್ತಿರಲಿಲ್ಲ.

"ಬನ್ನಿ ಉಸ್ತಾದ್, ಬನ್ನಿ! ನಿಮ್ ಬಸ್ಸೂ ನಿಮ್ ಥರಾನೇ, ಒಂದೊಂದ್ ಸ್ಟಾಪಲ್ಲೂ ಧ್ಯಾನ ಮಾಡುತ್ತೆ," ಎಂದರು ಜಿಯಾವುಲ್ಲಾ ಸಾಹೇಬರು, ಇಂಜಿನ್ನಿನ ಹೊಟ್ಟೆಯೊಳಗಿಂದ ತಲೆ ಹೊರಗೆ ತೆಗೆಯದೆ. ಎಪ್ಪತ್ತೊಂದರ ಪ್ರಾಯ, ಆರ್.ಟಿ. ನಗರದಲ್ಲಿ ಮನೆ, ಜೀವಮಾನವಿಡೀ ವಿಮಾನದ ಇಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು. ನಲವತ್ತು ವರ್ಷದ ಹಿಂದೆ ಯಾರೋ ಒಬ್ಬ ಹವ್ಯಾಸಿ ತನ್ನ ಹಿತ್ತಲಲ್ಲಿ ಕಟ್ಟಿ, ಹಾರಿಸಿ, ಸತ್ತುಹೋದ ಮೇಲೆ ಗೆದ್ದಲಿನ ಪಾಲಾಗಿದ್ದ ಈ ಎರಡು ಸೀಟಿನ ಮರದ ವಿಮಾನವನ್ನು ಅವರು ಗುಜರಿಯವನ ಕೈಯಿಂದ ಬಿಡಿಸಿ ತಂದಿದ್ದರು. ಮೈ ಉಳಿದಿತ್ತು, ಇಂಜಿನ್ ಉಳಿದಿತ್ತು, ರೆಕ್ಕೆಗಳು ಮುಟ್ಟಿದರೆ ರವೆಯಾಗುತ್ತಿದ್ದವು. ಮರದ ಕೆಲಸದವರನ್ನು ಹುಡುಕಿಕೊಂಡು ಬಾಗಲಗುಂಟೆಯ ಮನೆಗೆ ಬಂದವರು ನಕ್ಷೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ರತ್ನಕ್ಕನ ಲೋಟ ಹೇರಿಟ್ಟು, "ಇದಾಗುತ್ತಾ ಉಸ್ತಾದ್?" ಎಂದು ಕೇಳಿದ್ದರು. ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಎರಡೂ ರೆಕ್ಕೆಗಳನ್ನು ಅವನು ಆ ಒಂದು ಮಾತಿನ ಮೇಲೆ ಕಟ್ಟಿದ್ದ.

ಈಗ ಅವು ಶೆಡ್ಡಿನ ಉದ್ದಕ್ಕೂ ಚಾಚಿಕೊಂಡಿದ್ದವು, ಕೆನೆಬಣ್ಣದವು, ಬಟ್ಟೆ ನಗಾರಿಯಂತೆ ಬಿಗಿದದ್ದು. ಗೋಡೆಯ ಮೇಲೆ ತಂತಿಯಲ್ಲಿ ತೋರಣದಂತೆ ತೂಗಿದ್ದ ತುಣುಕುಗಳನ್ನು ನೋಡಬಾರದೆಂದುಕೊಂಡೇ ಅವನು ನೋಡಿದ. ಅದು ಸಾಹೇಬರ ನಿಯಮ: ಪ್ರತಿ ಸಲ ಅಂಟು ಕಲಸಿದಾಗಲೂ ಅದರಿಂದ ಒಂದು ಜೋಡಿ ತುಣುಕು ಕೂಡಿಸಿಡಬೇಕು, ಮಾರನೆಯ ದಿನ ಮುರಿದು ನೋಡಬೇಕು. ಅಂಟು ಬಿಡಬಾರದು, ಮರದ ನಾರು ಹರಿಯಬೇಕು. ಎಂಬತ್ತೆರಡು ತುಣುಕು, ಎಂಬತ್ತೆರಡೂ ನಾರು ಹರಿದವು. ಹೋದ ತಿಂಗಳು ತಪಾಸಣೆಗೆ ಬಂದ ನಂದಕುಮಾರ್ ಒಂದೊಂದನ್ನೇ ಬೆಳಕಿಗೆ ಹಿಡಿದು ತಲೆದೂಗಿದ್ದ. "ಅಂಟಿಸೋ ಮುಂಚೆ ಮುಖ ಕ್ಲೀನ್ ಇತ್ತಾ?" ಎಂದು ಕೇಳಿದಾಗ, "ಕನ್ನಡಿ ಹಂಗ ಇತ್ರಿ," ಅಂದಿದ್ದ ಮುರಿಗೆಪ್ಪ. ಸುಳ್ಳು ಎಂದು ಅವತ್ತು ಅನಿಸಿರಲಿಲ್ಲ. 'ಇವರ ಕೈಲಿ ತಪ್ಪಾಗಲ್ಲ ಸರ್' ಎಂದು ಸಾಹೇಬರು ಅವನ ಬೆನ್ನು ತಟ್ಟಿದ್ದರು. ತುಣುಕುಗಳು ಅಂಟಿನ ಸತ್ಯ ಹೇಳಿದ್ದವು, ರೆಕ್ಕೆಯ ಸತ್ಯ ಹೇಳಿರಲಿಲ್ಲ; ಅವುಗಳಿಗೆ ಅವನು ವಿಭೂತಿ ಹಚ್ಚಿರಲಿಲ್ಲ. ತೋರಣದ ಪಕ್ಕದಲ್ಲಿ ಫಾಯಿಜಾ ಬರೆದು ಅಂಟಿಸಿದ ಹಾಳೆ: 'ಉಜ್ಜಿದ ಮುಖ ಕೈಯಲ್ಲಿ ಮುಟ್ಟಬೇಡಿ. ಬೆವರು, ಎಣ್ಣೆ, ಧೂಳು, ಯಾವುದೂ ಬೇಡ.' ಅವನು ಅದನ್ನು ದೇವರ ಮಾತಿನಂತೆ ಪಾಲಿಸಿದ್ದ. ಕೈಗವಸು ತೆಗೆದದ್ದು ಆ ಒಂದು ಗಳಿಗೆಗೆ ಮಾತ್ರ, ಮೂರು ಬೆರಳಿಗೆ ಮಾತ್ರ. ಹಾಳೆಯಲ್ಲಿದ್ದ ಪಟ್ಟಿಯೊಳಗೆ ವಿಭೂತಿ ಬರುತ್ತದೆಂದು ಹೇಗೆ ಹೊಳೆಯಬೇಕು? ಬೆವರು ಕೊಳೆ, ಎಣ್ಣೆ ಕೊಳೆ. ಕೊಳೆಯನ್ನು ಕಳೆಯುವುದು ವಿಭೂತಿ. ಹನ್ನೊಂದು ದಿನದಿಂದ ಅವನನ್ನು ತಡೆದದ್ದು ಇದೇ. ತಪ್ಪಾಯಿತು ಅನ್ನುವುದು ಕಷ್ಟವಲ್ಲ. ವಿಭೂತಿಯಿಂದ ಕೆಟ್ಟಿತು ಎಂದು ಅದೇ ವಿಭೂತಿ ಹಚ್ಚಿದ ಹಣೆಯ ಕೆಳಗಿನ ಬಾಯಿಂದ ಹೇಳಬೇಕಲ್ಲ. ಬೆಳಿಗ್ಗೆ ಅಂಗೈಯ ಲಿಂಗವನ್ನು ನೋಡುತ್ತ ಕೂತಾಗಲೂ ಕಣ್ಣು ನಿಲ್ಲುತ್ತಿರಲಿಲ್ಲ. ನಾನು ಯಾರ ವಿರುದ್ಧ ಸಾಕ್ಷಿ ಹೇಳಲಿಕ್ಕೆ ಹೊರಟಿದ್ದೇನೆ?

ಸಾಹೇಬರು ಬಗ್ಗಿಸಿಟ್ಟಿದ್ದ ಚಹಾ ಆರಿತ್ತು, ಕುಡಿದ. ರೆಕ್ಕೆಯ ಕೆಳಹೊಟ್ಟೆಯಲ್ಲಿ ಸಾಲಾಗಿ ಕಾಣುತ್ತಿದ್ದ ಹೊಲಿಗೆ ಜಾಹಿದಾ ಬೀಬಿಯದು, ಸಾಹೇಬರ ಹೆಂಡತಿಯದು. ಒಂದು ತಿಂಗಳು ದಿನಾ ಮಧ್ಯಾಹ್ನ ಬಂದು, ಮೊಳದುದ್ದದ ಸೂಜಿಯಲ್ಲಿ ಬಟ್ಟೆಯನ್ನು ಒಳಗಿನ ಪಕ್ಕೆಲುಬುಗಳಿಗೆ ಹೊಲಿದಿದ್ದಳು. ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ಆಚೆ ಅವಳು, ಈಚೆ ಇವನು. ಅವಳು ಚುಚ್ಚಿದ ಸೂಜಿಯನ್ನು ಇವನು ಎಳೆದುಕೊಂಡು ಒಂದು ಬೆರಳು ಪಕ್ಕಕ್ಕೆ ತಿರುಗಿ ಚುಚ್ಚಬೇಕು. ಮುಖ ಕಾಣುತ್ತಿರಲಿಲ್ಲ, ಪ್ರತಿ ಹೊಲಿಗೆಗೂ ಅವಳು 'ಬಿಸ್ಮಿಲ್ಲಾ' ಅನ್ನುವುದು ಕೇಳುತ್ತಿತ್ತು. ಮುಚ್ಚುಮರೆಯಿಲ್ಲದೆ, ತರಕಾರಿ ಹೆಚ್ಚುವಾಗ ಅಂದಷ್ಟೇ ಸಲೀಸಾಗಿ. ಉಸಿರಲ್ಲಿ ಹೇಳಿದ್ದು ಉಸಿರಲ್ಲೇ ಹೋಯಿತು, ದಾರಕ್ಕೆ ಅದರಿಂದ ಏನೂ ಆಗಲಿಲ್ಲ. ಅವಳು ಎಲ್ಲರೆದುರು ಅಂದಳು. ನಾನು ಯಾಕೆ ಸಾಹೇಬರು ನಮಾಜಿಗೆ ಹೋದ ಹೊತ್ತು ನೋಡಿ ಹಚ್ಚಿದೆ? ಮೌನೇಶಪ್ಪನ ಪದ್ಧತಿ, ಒಳಗೆ ಹಚ್ಚಿದ್ದು ಯಾರಿಗೂ ಕಾಣಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಮೌನೇಶಪ್ಪ ಗಾಡಿಯ ಒಡೆಯನನ್ನು ಎದುರಿಗೆ ಕೂರಿಸಿಕೊಂಡು ಹಚ್ಚುತ್ತಿದ್ದ. ಸಾಹೇಬರು ಬೇಡವೆಂದಾರು ಎಂಬ ಅಳುಕು ಅದು. ದಿನಾ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವರ ಬಗ್ಗೆ ಆ ಅಳುಕು ಎಲ್ಲಿಂದ ಬಂತೆಂದು ನೋಡಲಿಕ್ಕೆ ಹೋದರೆ ಒಳಗೆ ಏನೋ ಕಪ್ಪಗೆ ಕಾಣುತ್ತಿತ್ತು. ಬೂದಿಗಿಂತ ಮೊದಲು ಕೂಡಿಕೆಯಲ್ಲಿ ಸೇರಿದ್ದು ಅದೇ ಇರಬೇಕು.

ಹನ್ನೊಂದು ಗಂಟೆಗೆ ಫಾಯಿಜಾ ಬಂದಳು. ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸುವವಳು, ಇಪ್ಪತ್ತೊಂಬತ್ತು ವರ್ಷ, ಕುರ್ತಾದ ಮೇಲೆ ಕಾಲಿಗೆ ದಪ್ಪ ಬೂಟು. "ಏನ್ ಕಾಕಾ, ಮುಖ ಯಾಕೆ ಸುಟ್ಟ್ ಬದ್ನೆಕಾಯಿ ಥರ? ರತ್ನಕ್ಕ ಬೈದ್ರಾ?" ಎನ್ನುತ್ತ ಅವನ ತಲೆಯ ಮೇಲಿದ್ದ ಮರದ ಪುಡಿಯನ್ನು ಊದಿದಳು. ಮೂವರೂ ಸೇರಿ ವಿಮಾನವನ್ನು ಅಂಗಳಕ್ಕೆ ನೂಕಿ, ಬಾಲವನ್ನು ಕಲ್ಲುಕಂಬಕ್ಕೆ ಹಗ್ಗದಿಂದ ಬಿಗಿದರು. ಇವತ್ತು ಇಂಜಿನ್ನನ್ನು ಪೂರ್ತಿ ಓಡಿಸಿ ನೋಡಬೇಕು. ಎಡಗಡೆಯ ರೆಕ್ಕೆಯ ತುದಿ ಹಿಡಿದು ನಿಲ್ಲುವುದು ಮುರಿಗೆಪ್ಪನ ಪಾಲಿಗೆ ಬಂತು. "ಬಿಡ್ಬೇಡಿ ಕಾಕಾ, ಇವತ್ತೇ ಹಾರೋಗ್ಬಿಡ್ತೀನಿ!" ಎಂದು ಅವಳು ಒಳಗಿಂದ ಕೂಗಿದಳು. "ನೀವ್ ಕಟ್ಟಿರೋ ರೆಕ್ಕೆ, ಕಣ್ ಮುಚ್ಕೊಂಡ್ ಹೋಗ್ತೀನಿ ನಾನು."

ಸಾಹೇಬರು ಪ್ರೊಪೆಲ್ಲರನ್ನು ಎಳೆದು ಬಿಟ್ಟರು. ಇಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿದುಕೊಂಡಿತು. ಅಂಗಳದ ಹುಲ್ಲು ಮಲಗಿತು. ಸಾಹೇಬರ ಬಾಯಿ ಏನೋ ಕೂಗುತ್ತಿತ್ತು, ಕೇಳುತ್ತಿರಲಿಲ್ಲ. ಗಡ್ಡವೆಲ್ಲ ಒಂದು ಕಡೆಗೆ ಹಾರಿ, ಕಣ್ಣಲ್ಲಿ ನೀರು. ಮುರಿಗೆಪ್ಪನ ಅಂಗೈಯೊಳಗೆ ರೆಕ್ಕೆ ನಡುಗತೊಡಗಿತು. ಜೀವ ಬಂದ ಕರುವಿನ ಮೈ ನಡುಗಿದಂತೆ. ಅವನ ಕೈ ಅದನ್ನು ಹಾಗೆಂದು ತಗೊಳ್ಳಲಿಲ್ಲ. ಕೈ ಬಟ್ಟೆಯನ್ನು ದಾಟಿ ಒಳಗೆ ಹೋಯಿತು, ಒಂದೊಂದು ಕೂಡಿಕೆಯ ಹತ್ತಿರವೂ ನಿಂತಿತು. ಇದಕ್ಕೆ ಹಚ್ಚಿದ್ದೆ. ಇದಕ್ಕೂ ಹಚ್ಚಿದ್ದೆ. ನಮಃ ಶಿವಾಯ ಎಂದು ಒಂದೊಂದಕ್ಕೂ ಮೂರು ಗೆರೆ, ಒಂದನ್ನೂ ಬಿಟ್ಟಿರಲಿಲ್ಲ, ಅಷ್ಟು ಶ್ರದ್ಧೆಯಿತ್ತು. ಗಾಜಿನ ಹಿಂದೆ ಆ ಹುಡುಗಿ ತಲೆ ತಗ್ಗಿಸಿ ಮೀಟರುಗಳ ಮುಳ್ಳುಗಳನ್ನು ನೋಡುತ್ತಿದ್ದಳು, ತುಟಿ ಕಚ್ಚಿಕೊಂಡು, ಪರೀಕ್ಷೆ ಬರೆಯುವ ಮಗುವಿನ ಹಾಗೆ. ಅವಳ ಕಿವಿಯ ಹಿಂದೆ ಒಂದು ಸಣ್ಣ ಕಪ್ಪು ಮಚ್ಚೆ. ಅದನ್ನು ಅವನು ಇಲ್ಲಿಯವರೆಗೆ ನೋಡೇ ಇರಲಿಲ್ಲ.

ಇಂಜಿನ್ ನಿಂತ ಮೇಲೂ ಕಿವಿಯಲ್ಲಿ ಮೊರೆತ ಉಳಿದಿತ್ತು. ಸಾಹೇಬರು ಅವನನ್ನು ಅಪ್ಪಿಕೊಂಡರು, ಬಿಟ್ಟು ಮತ್ತೆ ಅಪ್ಪಿಕೊಂಡರು. ಶೆಡ್ಡಿನ ಬಾಗಿಲಲ್ಲಿ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿದರು. "ಉಸ್ತಾದ್, ಒಂದ್ ಮಾತು. ಭಾನುವಾರ ನಿಮ್ದೊಂದು ಪೂಜೆ ಆಗ್ಬೇಕು. ಜಾಹಿದಾನೇ ಹೇಳಿ ಕಳಿಸಿದ್ದಾಳೆ. ಅವರ ಕೈಯಲ್ಲಿ ಕಟ್ಟಿದ್ದು, ಅವರ ಮನಸ್ಸಿಗೆ ಸಮಾಧಾನ ಆಗ್ದೆ ಮಗಳನ್ನ ಕೂರಿಸ್ಬೇಡಿ ಅಂತ. ವಿಭೂತಿ ಹಚ್ತೀರೋ, ಹೂವು ಹಾಕ್ತೀರೋ ನಿಮ್ಮಿಷ್ಟ. ತೆಂಗಿನ್ಕಾಯಿ ಮಾತ್ರ ಪ್ರೊಪೆಲ್ಲರ್ ಹತ್ರ ಬೇಡಪ್ಪ, ಚೂರು ಸಿಡಿದ್ರೆ ಅದರ ಹಲ್ಲು ಹೋಗುತ್ತೆ."

ಮುರಿಗೆಪ್ಪ ಚಹಾದ ಲೋಟವನ್ನು ನೆಲದ ಮೇಲಿಟ್ಟ. ಇಷ್ಟು ಸಲೀಸಾಗಿತ್ತೇ? ಕೇಳಿದ್ದರೆ ಸಿಗುತ್ತಿತ್ತೇ? ಹನ್ನೊಂದು ದಿನ ಹೊತ್ತ ಮಾತು ಬಾಯಿಂದ ಬಂದಾಗ ಅವನು ಕಟ್ಟಿಕೊಂಡಿದ್ದ ಯಾವ ಮಾತಿನಂತೆಯೂ ಇರಲಿಲ್ಲ.

"ಪೂಜಿ ಆಗೇದ್ರಿ ಸಾಹೇಬ್ರ."

"ಆಗೋಯ್ತಾ? ಯಾವಾಗ?"

"ಎರಡು ವರ್ಷಾತ್ರಿ. ರೆಕ್ಕಿ ಒಳಗ."

ಸಾಹೇಬರು ತೊಡೆ ತಟ್ಟಿ ನಕ್ಕರು. "ನೋಡಿದ್ಯಾ ಫಾಯಿಜಾ, ನಮ್ ಉಸ್ತಾದ್ರು ಎಷ್ಟ್ ಹುಷಾರು! ನಾನ್ ಹೇಳೋ ಮುಂಚೇನೇ ಮುಗ್ಸಿದಾರೆ."

ಫಾಯಿಜಾ ನಗಲಿಲ್ಲ. ಲೋಟವನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೇ ಹಿಡಿದಿದ್ದಳು. "ಕಾಕಾ," ಅಂದಳು. "ಅಂಟು ಹಚ್ಚೋಕ್ ಮುಂಚೆನಾ, ಆಮೇಲಾ?"

"ಮೊದಲ, ತಾಯಿ."

"ಹುಳಿ ಬಳಿಯೋ ಮುಖಕ್ಕಾ?"

ಅವನು ತಲೆಯಾಡಿಸಿ, ಜೇಬಿಂದ ಎರಡು ಚೂರುಗಳನ್ನು ತೆಗೆದು ಅವರಿಬ್ಬರ ನಡುವೆ ನೆಲದ ಮೇಲಿಟ್ಟ. ಒಂದು ದೊಡ್ಡ ವಿಮಾನ ತಲೆಯ ಮೇಲೆ ಇಳಿಯುತ್ತಿತ್ತು. ಅದು ಹೋಗುವ ತನಕ ಯಾರೂ ಮಾತಾಡುವಂತಿರಲಿಲ್ಲ. ಆ ಹೊತ್ತಿನಲ್ಲಿ ಸಾಹೇಬರು ಕನ್ನಡಕ ಹಾಕಿಕೊಂಡು ಚೂರುಗಳನ್ನು ಕೂಡಿಸಿ ನೋಡಿದರು, ಬಿಡಿಸಿ ನೋಡಿದರು, ಬಿಳಿಯ ಗೆರೆಯ ಮೇಲೆ ಉಗುರು ಎಳೆದರು. ಸದ್ದು ದೂರವಾಯಿತು.

"ಎಷ್ಟು ಕೂಡಿಕೆ?"

"ಎಲ್ಲಾ. ಎರಡೂ ರೆಕ್ಕಿ."

"ಇದನ್ನ ಯಾವತ್ತು ಮಾಡಿ ನೋಡಿದ್ರಿ?"

"ಹನ್ನೊಂದು ದಿನ ಆತ್ರಿ."

"ಹನ್ನೊಂದು." ಸಾಹೇಬರು ಚೂರುಗಳನ್ನು ಕೆಳಗಿಡಲಿಲ್ಲ. "ಹನ್ನೊಂದು ದಿವ್ಸ ನನ್ ಮಗಳ ಮುಖ ನೋಡ್ಕೊಂಡು ಚಾ ಕುಡಿದ್ರಿ ನೀವು."

"ವಿಭೂತಿ ಹೊಲಸು ಅನ್ನಾಕ ಬಾಯಿ ಬರಲಿಲ್ರಿ..."

"ಹೊಲಸು ಅಂತ ಯಾರ್ರೀ ಹೇಳಿದ್ರು?" ಮೊದಲ ಸಲ ಅವರ ದನಿ ಏರಿತು. "ಸಕ್ಕರೆ ಹೊಲಸಾ? ಪೆಟ್ರೋಲ್ ಟ್ಯಾಂಕಿಗೆ ಹಾಕ್ತೀರಾ? ಝಮ್‌ಝಮ್ ನೀರು ಮೆಕ್ಕಾದಿಂದ ತಂದು ಮನೇಲಿಟ್ಟಿದೀವಿ, ಕಣ್ಣಿಗೊತ್ತಿಕೊಂಡು ಕುಡೀತೀವಿ. ಅದನ್ನ ಇಂಜಿನ್ನಿಗೆ ಹಾಕಿದ್ನಾ ನಾನು? ನಿಮ್ ದೇವರ ಮೇಲೆ ಹಾಕ್ಬೇಡಿ ಇದನ್ನ. ಬೂದಿಗೆ ನಾನೇನೂ ಅನ್ನಲ್ಲ. ಎರಡು ವರ್ಷದ ಹಿಂದೆ ಗೊತ್ತಿರ್ಲಿಲ್ಲ, ಸರಿ. ಈ ಹನ್ನೊಂದು ದಿವ್ಸಕ್ಕೆ ಏನಂತೀರಿ?"

 ಉಸ್ತಾದ್ ಎಂದು ಅವರು ಅನ್ನಲಿಲ್ಲವೆಂಬುದು ಮಾತ್ರ ಅವನ ಗಮನಕ್ಕೆ ಬಂತು. ಇಂಥ ಹೊತ್ತಲ್ಲೂ ಅದು ಗಮನಕ್ಕೆ ಬಂದದ್ದಕ್ಕೆ ನಾಚಿಕೆಯಾಯಿತು. ಫಾಯಿಜಾ ಎದ್ದಳು. "ನಾನ್ ಕೂರ್ತೀನಿ ಅಂತಾನೇ ಹಾಕಿದ್ರಿ ಅಲ್ವಾ ಕಾಕಾ?" ಅಂದಳು. ಅವನು ಹೂಂಗುಟ್ಟಿದ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಫೋನು ಹಿಡಿದು ದ್ರಾಕ್ಷಿ ಚಪ್ಪರದ ಕಡೆ ನಡೆದಳು. ಲಾರಿ ಬೇಡ, ಭಾನುವಾರ ಇಲ್ಲ, ಇಲ್ಲಪ್ಪ ಈ ತಿಂಗಳೂ ಇಲ್ಲ, ಎನ್ನುವುದು ಗಾಳಿಯಲ್ಲಿ ತುಂಡು ತುಂಡಾಗಿ ಕೇಳಿತು.

ಸಾಹೇಬರು ಒಳಗೆ ಹೋಗಿ ಬಟ್ಟೆ ಕೊಯ್ಯುವ ಚಾಕು ತಂದರು. ಹಿಡಿಯನ್ನು ಅವನ ಕಡೆ ತಿರುಗಿಸಿ ಚಾಚಿದರು. ಕತ್ತರಿಸಬೇಕಾದವನು ಯಾರೆಂದು ಹೇಳಬೇಕಿರಲಿಲ್ಲ. ಮುರಿಗೆಪ್ಪ ರೆಕ್ಕೆಯ ಕೆಳಗೆ ಮಂಡಿಯೂರಿ, ಜಾಹಿದಾ ಬೀಬಿಯ ಹೊಲಿಗೆಯನ್ನು ಆದಷ್ಟು ಉಳಿಸಿಕೊಂಡು, ಎರಡು ಸಾಲಿನ ನಡುವೆ ಚಾಕು ಇಟ್ಟ. ಬಿಗಿದ ಬಟ್ಟೆ ತಾನಾಗಿಯೇ ಸೀಳುತ್ತ ಹೋಯಿತು, ಇಷ್ಟು ದಿನ ಹಿಡಿದ ಉಸಿರು ಬಿಟ್ಟ ಹಾಗೆ. ಒಳಗಿಂದ ಹೊಸ ಮರದ ಪರಿಮಳ ಬಂತು. ಬೆಳಕೇ ಕಾಣದೆ ಎರಡು ವರ್ಷ ಮಲಗಿದ್ದ ತೊಲೆ ಆಗತಾನೇ ಉಜ್ಜಿದಂತೆ ಹೊಂಬಣ್ಣವಾಗಿತ್ತು. ಎಷ್ಟು ಚಂದ ಕೂಡಿಸಿದ್ದೆ ಎಂದು ಒಂದು ಗಳಿಗೆ ಅವನಿಗೆ ಅನಿಸಿಯೂ ಬಿಟ್ಟಿತು, ಗೆರೆಯಷ್ಟೂ ಸಂದಿಲ್ಲ. ಕೂಡಿಕೆಗೆ ಉಳಿ ಕೊಟ್ಟು ಅಂಗೈಯಿಂದ ಗುದ್ದಿದ. ಎರಡನೆಯ ಗುದ್ದಿಗೆ ಬಿಟ್ಟಿತು. ಫಾಯಿಜಾ ಫೋನು ಮುಗಿಸಿ ಬಂದಿದ್ದಳು, ಮೂವರೂ ಬಗ್ಗಿ ನೋಡಿದರು. ಅಲ್ಲಲ್ಲಿ ನಾರು ಹರಿದಿತ್ತು, ಅಲ್ಲಿ ಹಿಡಿದಿತ್ತು. ಹಿಡಿಯದ ಕಡೆ, ಎರಡೂ ಮುಖದ ಮೇಲೆ, ಒಂದು ಹಣೆ ಇನ್ನೊಂದು ಹಣೆಗೆ ಒತ್ತಿದಂತೆ, ಅಚ್ಚುಕಟ್ಟಾಗಿ ಮೂರು ಬಿಳಿಯ ಗೆರೆ.

"ಭಾನುವಾರ ಹಾರ್ತಿತ್ತೇನೋ," ಅಂದಳು ಫಾಯಿಜಾ. "ಮುಂದಿನ ಭಾನುವಾರಾನೂ. ಅದರ ಮುಂದಿನದ್ದು ಗೊತ್ತಿಲ್ಲ."

ಸಾಹೇಬರು ಕಿಸೆಯಿಂದ ಕರವಸ್ತ್ರ ತೆಗೆದರು, ಕೈಯಲ್ಲಿ ಹಿಡಿದುಕೊಂಡು ನಿಂತರು. ಗೆರೆಯ ಹತ್ತಿರ ಕೈ ಒಯ್ದು ಹಿಂದಕ್ಕೆ ತಂದರು. "ಇದನ್ನ..." ಎಂದರು, ಅವನ ಮುಖ ನೋಡದೆ. "ಇದನ್ನ ನಾನ್ ಒರೆಸ್ಬಹುದಾ? ನಿಮ್ ಕಡೆ ಹೆಂಗೆ ತೆಗೀತಾರೆ?"

 ಮುರಿಗೆಪ್ಪ ಕರವಸ್ತ್ರ ಬೇಡವೆಂದು ಕೈಸನ್ನೆ ಮಾಡಿದ. ಉಪ್ಪುಕಾಗದದ ಒಂದು ತುಂಡು ತಗೊಂಡು ತಾನೇ ಉಜ್ಜತೊಡಗಿದ, ನಾರಿನ ಉದ್ದಕ್ಕೆ, ಮೌನೇಶಪ್ಪ ಕಲಿಸಿದ ಹಾಗೆ. ಬಿಳಿಯ ಪುಡಿ, ಹೊಂಬಣ್ಣದ ಪುಡಿ, ಎರಡೂ ಬೆರೆತು ಅವನ ಮೊಣಕಾಲ ಮೇಲೆ ಬಿದ್ದವು. ಬೆಳಗಿನಿಂದ ಬಾರದ ಮಂತ್ರವೂ ಬರಲಿಲ್ಲ, ಅಳುಕೂ ಬರಲಿಲ್ಲ. ಮರ ತೆಳುವಾಗುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಕೂಡಿಕೆ ಮುಗಿಯಿತು. ಉಳಿದವು ಎಷ್ಟೆಂದು ಅವನು ಎಣಿಸಲಿಲ್ಲ. ಫಾಯಿಜಾ ಪಕ್ಕದ ಪಟ್ಟಿಯ ಬಟ್ಟೆಯ ಮೇಲೆ ಸೀಸದಕಡ್ಡಿಯಿಂದ ಕೊಯ್ಯುವ ಗೆರೆ ಹಾಕುತ್ತಿದ್ದಳು.

"ಕೈ ತೊಳ್ಕೊಂಡ್ ಬನ್ನಿ," ಎಂದರು ಸಾಹೇಬರು. "ಸೋಪ್ ಹಾಕಿ. ಮೊಣಕೈ ತನ್ಕ."

ನಲ್ಲಿ ಶೆಡ್ಡಿನ ಹೊರಗೋಡೆಗೆ. ನೀರಿಗೆ ಕೈಯೊಡ್ಡಿ ಅವನು ಒಂದೊಂದು ಬೆರಳನ್ನೂ ಸೋಪಿನಿಂದ ತಿಕ್ಕಿದ, ಉಗುರ ಸಂದಿಯನ್ನು ಇನ್ನೊಂದು ಉಗುರಿನಿಂದ ಕೆರೆದ. ಬೆವರಿಗೆ ಹಣೆಯ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಬಗ್ಗಿ ಉಜ್ಜುವಾಗ ಇದೂ ಉದುರೀತು. ಬೊಗಸೆಯಲ್ಲಿ ನೀರು ಹಿಡಿದ. ಹಿಡಿದವನು ಹಾಗೇ ನಿಂತ. ನೀರು ಬೆರಳ ಸಂದಿಯಿಂದ ಸೋರಿ ಕಡಿಮೆಯಾಗುತ್ತಿತ್ತು.

"ಹಣೆ ಬಿಡಿ," ಎಂದಿತು ಕಿಟಕಿಯೊಳಗಿಂದ ಸಾಹೇಬರ ದನಿ, ಇನ್ನೂ ಸಿಟ್ಟಿಳಿಯದ ದನಿ. "ಒಂದ್ ಬಟ್ಟೆ ಕಟ್ಕೊಳ್ಳಿ ಅದಕ್ಕೆ. ಕೈ ಸಾಕು."